ಮೂಗಿಗಿಂತ ಮೂಗುತಿ ಭಾರ: ರೂಪದ ಗೀಳಿನ ಒಂದು ಪ್ರಕರಣ

ಮೊದಲ ದಿನ ಅವನು ತಂದಿದ್ದು ಇನ್ನೂರು ಪುಟದ ಒಂದು ನೋಟ್‌ಬುಕ್. 2023ರ ಆಗಸ್ಟ್, ಮಲೆನಾಡಿನ ಸಾಗರದ ಕಡೆ ಬಿಟ್ಟೂ ಬಿಡದ ಮಳೆ. ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಸುತ್ತಿದ್ದ. ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ಒಳಗೆ ದಿನಾಂಕ, ಹೊತ್ತು, ಪಕ್ಕದಲ್ಲಿ ಎರಡು ಅಂಕಿ. ಎಡ 31, ಬಲ 32.5. ಮಧ್ಯಾಹ್ನ ಮತ್ತೆ ಎಡ 31, ಬಲ 33. ರಾತ್ರಿ ಮತ್ತೆ. ಜಾಮಿಟ್ರಿ ಬಾಕ್ಸಿನ ಡಿವೈಡರ್ ಹಿಡಿದು ಕಣ್ಣಿನ ಮೂಲೆಯಿಂದ ಮೂಗಿನ ಹೊಳ್ಳೆಯವರೆಗೆ ಅಳೆದು, ಸ್ಕೇಲಿನ ಮೇಲಿಟ್ಟು ಮಿಲಿಮೀಟರ್ ಲೆಕ್ಕ ಬರೆದಿದ್ದ. ಒಂದೂವರೆ ವರ್ಷದ ಲೆಕ್ಕ.

"ನೋಡಿ ಮೇಡಂ, ನಾನು ಸುಮ್ನೆ ಹೇಳ್ತಾ ಇಲ್ಲ. ದಾಖಲೆ ಇದೆ."

ವಯಸ್ಸು 23. ಸಾಗರದಿಂದ ಇನ್ನೂ ಒಳಗಿನ ಒಂದು ಹಳ್ಳಿ, ಹವ್ಯಕರ ಮನೆ, ಅಡಿಕೆ ತೋಟ. ಮನೆಯಲ್ಲಿ ಅವನನ್ನು ಕರೆಯುವುದು ಮಾಣಿ ಅಂತ. ಆ ಕಡೆ ಪ್ರತಿ ಮನೆಯಲ್ಲೂ ಒಬ್ಬ ಮಾಣಿ ಇರುತ್ತಾನೆ, ಹಾಗಾಗಿ ಇಲ್ಲಿಯೂ ಅದೇ ಇರಲಿ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನೂ ಅವನ ತಾಯಿಯೂ ಒಪ್ಪಿದ್ದಾರೆ. ನಾನು ಶಿವಮೊಗ್ಗದಲ್ಲಿ ಮನಃಶಾಸ್ತ್ರಜ್ಞೆ. ಮಾತಿನ ಚಿಕಿತ್ಸೆ ನನ್ನ ಕೆಲಸ. ಮಾತ್ರೆ ಬರೆಯುವವರು ಮನೋವೈದ್ಯರು. ಈ ಪ್ರಕರಣದಲ್ಲಿ ಎರಡೂ ಬೇಕಾಯಿತು.

ಬಂದ ದಾರಿ

ಮಾಣಿಯ ಮೂಗಿನ ಕಥೆ ಶುರುವಾಗಿದ್ದು ಅವನ ಉಪನಯನದಲ್ಲಿ. ಆಗ ಹನ್ನೆರಡು ವರ್ಷ. ತಲೆ ಬೋಳಿಸಿ, ಜುಟ್ಟು ಬಿಟ್ಟು ಕೂರಿಸಿದ್ದರು. ಯಾರೋ ಅತ್ತೆ ಗಲ್ಲ ಹಿಡಿದು "ಅಜ್ಜನ ಮೂಗೇ ಬಂದಿದೆ ನೋಡಿ" ಅಂದರು. ಅಜ್ಜ ಆ ಸೀಮೆಯಲ್ಲಿ ತಾಳಮದ್ದಲೆಗೆ ಹೆಸರಾದವರು. ಅತ್ತೆ ಹೊಗಳಿದ್ದು. ಹುಡುಗನಿಗೆ ಕೇಳಿಸಿದ್ದೇ ಬೇರೆ. "ಕೂದಲು ಹೋದ ಮೇಲೆ ಮುಖದಲ್ಲಿ ಮೂಗೊಂದೇ ಉಳಿದಿತ್ತು ಮೇಡಂ." ಶಾಲೆಯಲ್ಲಿ ಗಿಣಿಮೂಗು ಎಂಬ ಹೆಸರು ಬಿತ್ತು. ಆರು ತಿಂಗಳಿಗೆ ಹುಡುಗರು ಅದನ್ನು ಮರೆತು ಇನ್ನೊಬ್ಬನ ಹಲ್ಲಿಗೆ ಹೆಸರಿಟ್ಟರು. ಇವನು ಮರೆಯಲಿಲ್ಲ.

ಇಂಥ ಕೀಟಲೆ ಯಾರಿಗೆ ಆಗಿಲ್ಲ? ಆದರೆ ಎಲ್ಲರಿಗೂ ರೂಪದ ಗೀಳು ಎಂಬ ಈ ಕಾಯಿಲೆ, ತನ್ನ ರೂಪದಲ್ಲಿ ಏನೋ ಕೊರತೆ ಇದೆ ಅನ್ನುವ ಬಿಡದ ಚಿಂತೆ, ಬರುವುದಿಲ್ಲ. ಮನೆತನದಲ್ಲಿ ಗೀಳು ಕಾಯಿಲೆ ಇದ್ದರೆ ಅಪಾಯ ಜಾಸ್ತಿ. ವಿಚಾರಿಸಿದಾಗ ಗೊತ್ತಾಯಿತು, ಮಾಣಿಯ ಸೋದರಮಾವನಿಗೆ ಕೈ ತೊಳೆಯುವ ಗೀಳು ಇತ್ತು. ದಿನಕ್ಕೆ ಐದಾರು ಸ್ನಾನ. ಮನೆಯವರು ಅದನ್ನು "ಮಡಿ ಜಾಸ್ತಿ" ಅಂತ ಹೇಳಿ ಸುಮ್ಮನಾಗಿದ್ದರು.

2018ರಲ್ಲಿ ಎಂಜಿನಿಯರಿಂಗ್ ಓದಲು ಶಿವಮೊಗ್ಗಕ್ಕೆ ಬಂದ. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟೇ ಆಗಬೇಕು. ಮೂಗು ಎಡಕ್ಕೆ ವಾಲಿದೆ ಅನ್ನುವುದು ಅವನ ಲೆಕ್ಕ. ಆ ಕಡೆ ಕಿಟಕಿ ಇದ್ದರೆ ಯಾರಿಗೂ ಕಾಣುವುದಿಲ್ಲ. ಸೀಟು ಸಿಗದಿದ್ದರೆ ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದ. ಇಷ್ಟಾದರೂ ಪರೀಕ್ಷೆ ಪಾಸಾಗುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ಕೆಟ್ಟಿದ್ದು 2020ರಲ್ಲಿ. ಕಾಲೇಜು ಮುಚ್ಚಿತು, ಆನ್‌ಲೈನ್ ಕ್ಲಾಸು ಶುರುವಾಯಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿಕೊಂಡು, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಕ್ಲಾಸು ಕೇಳಬೇಕು. ಪಾಠ ಮಾಡುವವರ ಮುಖದ ಪಕ್ಕದ ಚೌಕದಲ್ಲಿ ತನ್ನದೇ ಮುಖ. ಮೊಬೈಲು ಮುಖಕ್ಕೆ ಒಂದು ಅಡಿ ದೂರದಲ್ಲಿ. ದಿನಕ್ಕೆ ನಾಲ್ಕೈದು ಗಂಟೆ ಅವನು ನೋಡಿದ್ದು ಪಾಠವನ್ನಲ್ಲ, ಆ ಚೌಕವನ್ನು.

ಹತ್ತಿರ ಹಿಡಿದ ಕ್ಯಾಮೆರಾ ಸುಳ್ಳು ಹೇಳುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಇರುವುದು ದೊಡ್ಡದಾಗಿ, ಹಿಂದೆ ಇರುವುದು ಸಣ್ಣದಾಗಿ ಬೀಳುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಮೂಗೇ ಅಲ್ವಾ. 2018ರಲ್ಲಿ ಅಮೆರಿಕದ ಮುಖ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಇದರ ಲೆಕ್ಕವೇ ಬಂದಿದೆ. 5 ಅಡಿ ದೂರದಿಂದ ತೆಗೆದ ಫೋಟೋಗೆ ಹೋಲಿಸಿದರೆ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣುತ್ತದೆ.

ಆಮೇಲೆ ಕಾಲೇಜು ತೆರೆದಾಗ ಎಲ್ಲರ ಮುಖಕ್ಕೂ ಮಾಸ್ಕ್. "ಜೀವನದಲ್ಲಿ ಮೊದಲ ಸಲ ಆರಾಮಾಗಿದ್ದೆ," ಅಂದ ಮಾಣಿ. 2022ರಲ್ಲಿ ಊರೆಲ್ಲ ಮಾಸ್ಕ್ ತೆಗೆಯಿತು. ಇವನು ತೆಗೆಯಲಿಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಒಪ್ಪಿಸುವಾಗ ಮುಖ ತೋರಿಸಿ ಮಾತಾಡಬೇಕು ಅಂತ ಗೊತ್ತಾದ ದಿನ ಬ್ಯಾಗು ಕಟ್ಟಿಕೊಂಡು ಊರಿಗೆ ಹೋದವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಮನೆಯಲ್ಲಿ ಹೇಳಿದ್ದು ಸೈನಸ್ ತೊಂದರೆ ಅಂತ. ಬಚ್ಚಲ ಮನೆಗೆ ಹೋದರೆ ಒಂದೂವರೆ ಗಂಟೆ. ಕನ್ನಡಿ ಇಲ್ಲದ ಕಡೆಯೂ ಅವನಿಗೆ ಕನ್ನಡಿ ಸಿಗುತ್ತಿತ್ತು. ಸ್ಟೀಲ್ ಲೋಟ, ಆರಿಸಿದ ಮೊಬೈಲು, ಬೈಕಿನ ಮಿರರ್, ಬಾವಿ ನೀರು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೂಗಿನ ಆಪರೇಷನ್ ಆಯಿತು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಒಂದೂಕಾಲು ಲಕ್ಷ. ಯಾಕೆ ಬೇಕು, ದಿನಕ್ಕೆ ಎಷ್ಟು ಹೊತ್ತು ಇದನ್ನೇ ಯೋಚಿಸುತ್ತೀಯ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಮೂರು ಮೂಗು ತೋರಿಸಿ ಯಾವುದು ಬೇಕು ಅಂದರು. ಬಟ್ಟೆ ಅಂಗಡಿಯಲ್ಲೂ ಇದಕ್ಕಿಂತ ಜಾಸ್ತಿ ಮಾತು ನಡೆಯುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಮೂರು ವಾರ ಖುಷಿ. ನಾಲ್ಕನೇ ವಾರ ಡಿವೈಡರ್ ಮತ್ತೆ ಹೊರಗೆ ಬಂತು. ಮೊದಲು ವಾಲಿದ್ದ ಮೂಗು ಈಗ ವಾಲಿದ್ದೂ ಅಲ್ಲದೆ ಹೊಳ್ಳೆಯೂ ಹೆಚ್ಚುಕಮ್ಮಿ ಆಗಿದೆ. ಇನ್ನೊಂದು ಆಪರೇಷನ್ ಆಗಬೇಕು.

ಈ ಕಾಯಿಲೆ ಇರುವವರಲ್ಲಿ ಇದು ಹೊಸದೇನಲ್ಲ. ಚರ್ಮದ ವೈದ್ಯರ ಬಳಿ, ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕುಗಳಲ್ಲಿ ಇವರ ಸಂಖ್ಯೆ ಹೊರಗಿನ ಜನರಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆಪರೇಷನ್ ಮಾಡಿಸಿಕೊಂಡ ಹೆಚ್ಚಿನವರಿಗೆ ಚಿಂತೆ ಕಡಿಮೆಯಾಗುವುದಿಲ್ಲ. ಕೆಲವರಿಗೆ ಮೂಗು ಬಿಟ್ಟು ಗಲ್ಲಕ್ಕೋ ಕೂದಲಿಗೋ ಹೋಗುತ್ತದೆ.

ಮಾಣಿಯ ಅದೃಷ್ಟ ಅಂದರೆ ಆಪರೇಷನ್ನಿನ ಕಲೆಗೆ ಕ್ರೀಮು ಕೇಳಲು ಶಿವಮೊಗ್ಗದ ಒಬ್ಬ ಚರ್ಮದ ವೈದ್ಯೆಯ ಹತ್ತಿರ ಹೋದ. ಅವರಿಗೆ ಕಲೆಯೇ ಕಾಣಲಿಲ್ಲ. ಕ್ರೀಮು ಬರೆದು ಕಳಿಸಬಹುದಿತ್ತು. ಅದರ ಬದಲು ಕೂರಿಸಿಕೊಂಡು ಕೇಳಿದರು: ದಿನಕ್ಕೆ ಎಷ್ಟು ಗಂಟೆ ಇದರ ಯೋಚನೆ? ಇದರಿಂದಾಗಿ ಏನೇನು ಬಿಟ್ಟಿದ್ದೀಯ? ಕನ್ನಡಿ ನೋಡಿದ ಮೇಲೆ ಸಮಾಧಾನ ಎಷ್ಟು ಹೊತ್ತು ಇರುತ್ತದೆ? ಉತ್ತರ: ಆರೇಳು ಗಂಟೆ, ಕಾಲೇಜು, ಎರಡು ನಿಮಿಷ. ಅವರು ನನ್ನ ವಿಳಾಸ ಬರೆದುಕೊಟ್ಟರು.

ನನ್ನ ಎಡವಟ್ಟು

ಇಷ್ಟು ತಿಳಿದೂ ಮೊದಲ ದಿನ ನಾನು ತಪ್ಪು ಮಾಡಿದೆ. ನೋಟ್‌ಬುಕ್ ತಿರುವಿ ಹಾಕಿದ ಮೇಲೆ ಅವನು ಮಾಸ್ಕ್ ತೆಗೆದ. ಎದುರಿಗೆ ಕಂಡಿದ್ದು ಲಕ್ಷಣವಾದ, ಉದ್ದ ಮೂಗಿನ ಹುಡುಗ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ: "ಚೆನ್ನಾಗೇ ಇದೆಯಲ್ಲ ಮಾರಾಯ!"

ಅವನ ಮುಖ ಅಲ್ಲೇ ಮುಚ್ಚಿಕೊಂಡಿತು. ಮಾಸ್ಕ್ ಹಾಕಿಕೊಂಡ, ನೋಟ್‌ಬುಕ್ ಸುತ್ತಿಕೊಂಡ, ನಮಸ್ಕಾರ ಹೇಳಿ ಹೋದ. ಮೂರು ವಾರ ಪತ್ತೆ ಇಲ್ಲ. ಆಮೇಲೆ ಹೇಳಿದ: "ನೀವೂ ಎಲ್ಲರ ಹಾಗೆ ಅಂದ್ಕೊಂಡೆ. ಒಂದೋ ಸುಳ್ಳು ಹೇಳ್ತೀರಿ, ಇಲ್ಲ ನನಗೆ ಹುಚ್ಚು ಅಂತೀರಿ."

ಹತ್ತು ವರ್ಷ ನೂರಾರು ಜನ "ಚೆನ್ನಾಗಿದೆ" ಅಂದಿದ್ದಾರೆ. ಅದರಿಂದ ವಾಸಿಯಾಗುವುದಾದರೆ ಅವನು ನನ್ನ ತನಕ ಯಾಕೆ ಬರುತ್ತಿದ್ದ? ಎರಡನೇ ಸಲ ಬಂದಾಗ ಮೂಗಿನ ಸುದ್ದಿಗೇ ಹೋಗಲಿಲ್ಲ. "ನಿನ್ನ ಮೂಗು ಸರಿ ಇದೆಯೋ ಇಲ್ಲವೋ, ಅದನ್ನು ಪಕ್ಕಕ್ಕಿಡೋಣ. ದಿನಕ್ಕೆ ಏಳು ಗಂಟೆ ಹೋಗ್ತಾ ಇದೆ. ಅದು ನಿಜ ತಾನೇ? ಆ ಏಳು ಗಂಟೆ ವಾಪಸ್ ತರೋಣವಾ?" ಅಂದೆ. ಸುಮಾರು ಹೊತ್ತು ಸುಮ್ಮನಿದ್ದು "ಹೂಂ" ಅಂದ.

ಹೆಸರು ಮತ್ತು ಒಳಗಿನ ಕೆಲಸ

ಇದಕ್ಕೆ ವೈದ್ಯರು ಇಟ್ಟ ಹೆಸರು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಚಿಕ್ಕದಾಗಿ ಬಿಡಿಡಿ. ಓಸಿಡಿಗೆ ನಾವು ಗೀಳು ಕಾಯಿಲೆ ಅನ್ನುತ್ತೇವೆ. ಇದು ಅದರ ತಮ್ಮ. ಹಾಗಾಗಿ ನಾನು ರೂಪದ ಗೀಳು ಅನ್ನುತ್ತೇನೆ. 1891ರಲ್ಲಿ ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲ್ಲಿ ಇದನ್ನು ಡಿಸ್ಮಾರ್ಫೋಫೋಬಿಯಾ ಎಂದು ಕರೆದು ವಿವರಿಸಿದ್ದ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಸ್ವಂತ ಜಾಗ ಸಿಕ್ಕಿದ್ದು 1987ರಲ್ಲಿ. ಗೀಳು ಕಾಯಿಲೆಗಳ ಪಂಕ್ತಿಗೆ ಸೇರಿಸಿದ್ದು 2013ರಲ್ಲಿ. ಫ್ರಾಯ್ಡ್ ಚಿಕಿತ್ಸೆ ಕೊಟ್ಟ, "ತೋಳದ ಮನುಷ್ಯ" ಎಂದೇ ಹೆಸರಾದ ರಷ್ಯಾದ ರೋಗಿಗೂ 1920ರ ದಶಕದಲ್ಲಿ ಮೂಗಿನದೇ ಚಿಂತೆ ಹತ್ತಿತ್ತು. ಜೇಬಿನಲ್ಲಿ ಪುಟ್ಟ ಕನ್ನಡಿ ಇಟ್ಟುಕೊಂಡು ಓಡಾಡುತ್ತಿದ್ದ. ಈ ಕಥೆ ಹೇಳಿದಾಗ ಮಾಣಿ ಮೊದಲ ಸಲ ನಕ್ಕ. "ನನ್ನ ಹತ್ರ ಡಿವೈಡರ್ ಇತ್ತು, ನಾನೇ ಮುಂದೆ."

ನೂರು ಜನರಲ್ಲಿ ಸುಮಾರು ಇಬ್ಬರಿಗೆ ಇದು ಇರುತ್ತದೆ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಶುರುವಾಗುವುದು ಸಾಮಾನ್ಯವಾಗಿ ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ, ಮೂವರಲ್ಲಿ ಇಬ್ಬರಿಗೆ 18 ತುಂಬುವುದರೊಳಗೆ. ಚರ್ಮ, ಕೂದಲು, ಮೂಗು ಇವೇ ಜಾಸ್ತಿ. ಜಿಮ್ಮಿಗೆ ಹೋಗುವ ಕೆಲವು ಹುಡುಗರಲ್ಲಿ ಎಷ್ಟು ಮೈ ಬೆಳೆಸಿದರೂ "ನಾನು ಸಪೂರ" ಅನ್ನುವ ಇನ್ನೊಂದು ಬಗೆ ಇದೆ. ಶೋಕಿಗೂ ಇದಕ್ಕೂ ಸಂಬಂಧ ಇಲ್ಲ. ಶೋಕಿಗಾರ ಕನ್ನಡಿ ನೋಡಿ ಖುಷಿಪಡುತ್ತಾನೆ. ಇವರು ಕನ್ನಡಿ ಮುಂದೆ ನಿಂತು ನರಳುತ್ತಾರೆ.

ಇದು ಕಣ್ಣಿನ ದೋಷವಾ, ಮನಸ್ಸಿನ ದೋಷವಾ ಅಂತ ಮಾಣಿಯ ಅಪ್ಪಯ್ಯ ಕೇಳಿದರು. ಒಳ್ಳೆ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಜೇಮಿ ಫ್ಯೂಸ್ನರ್ ಎಂಬ ಮನೋವೈದ್ಯರ ತಂಡ ಈ ಕಾಯಿಲೆ ಇರುವವರಿಗೆ ಮುಖದ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದೆ. ನಾವು ಮುಖವನ್ನು ಇಡಿಯಾಗಿ ನೋಡುತ್ತೇವೆ. ಅವರ ಮಿದುಳು ಬೇರೆಯವರ ಮುಖ ನೋಡುವಾಗಲೂ ಬಿಡಿ ಬಿಡಿ ವಿವರಗಳನ್ನು ಹುಡುಕುವ ರೀತಿಯಲ್ಲಿ ಕೆಲಸ ಮಾಡುತ್ತದೆ. ಅಪ್ಪಯ್ಯನಿಗೆ ನಾನು ಹೇಳಿದ್ದು ಹೀಗೆ: "ತೋಟಕ್ಕೆ ಹೋದರೆ ನಿಮಗೆ ತೋಟ ಕಾಣುತ್ತೆ. ಇವನಿಗೆ ಕೊಳೆ ರೋಗ ಬಂದ ಒಂದು ಕಾಯಿ ಮಾತ್ರ ಕಾಣುತ್ತೆ." ಅವರು ತಲೆಯಾಡಿಸಿದರು. "ಕೊಳೆ ವರ್ಷ ನಮಗೂ ಅಷ್ಟೇ ಕಾಣೋದು."

ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಅದೇ ಇಲ್ಲಿ ಆಗಿದ್ದು. ಎಡ ಬಲಕ್ಕೆ ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಇದ್ದರೂ ಇರಬಹುದು. ಎರಡೂ ಪಕ್ಕ ಒಂದೇ ಸಮ ಇರುವ ಮುಖ ಯಾರಿಗಿದೆ? ಅದರ ಮೇಲೆ ಹೇರಿಕೊಂಡ ಭಾರವೇ ಕಾಯಿಲೆ.

ಕೇಳಲೇಬೇಕಾದ ಪ್ರಶ್ನೆಯೊಂದು ಇತ್ತು. ಈ ಕಾಯಿಲೆಯಲ್ಲಿ ಸಾಯುವ ಯೋಚನೆ ಬಹಳ ಜನರಿಗೆ ಬರುತ್ತದೆ, ಪ್ರಯತ್ನಿಸುವವರೂ ಕಡಿಮೆ ಇಲ್ಲ. ನೇರವಾಗಿ ಕೇಳಿದೆ. ಕೇಳಿದರೆ ಯೋಚನೆ ತಲೆಗೆ ಹೊಕ್ಕೀತು ಅನ್ನುವುದು ತಪ್ಪು ಭಯ, ಕೇಳಿದರೆ ಹಗುರಾಗುತ್ತದೆ. "ಮಲಗಿದವನು ಬೆಳಿಗ್ಗೆ ಏಳದಿದ್ದರೆ ಸಾಕು ಅನ್ಸುತ್ತೆ" ಅಂದ. ಅದೇ ದಿನ ಅವನ ಎದುರಿಗೇ ಮನೆಯವರ ಜೊತೆ ಮಾತಾಡಿದೆ. ತೋಟದ ಔಷಧಿ ಇಡುವ ಕೋಣೆಗೆ ಬೀಗ ಬಿತ್ತು, ಕೀಲಿ ಅಪ್ಪಯ್ಯನ ಹತ್ತಿರ. ಟೆಲಿಮಾನಸ್‌ನ 14416 ನಂಬರನ್ನು ಮೊಬೈಲಿನಲ್ಲಿ ಸೇವ್ ಮಾಡಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಇದು. ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ

ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ದಶಕಗಳ ಕಾಲ ಕೆಲಸ ಮಾಡಿ, ಕನ್ನಡದಲ್ಲೇ ಬರೆದು, ಮಾತಾಡಿ ಜನರ ಅಂಜಿಕೆ ಬಿಡಿಸಿದ ಊರು ಶಿವಮೊಗ್ಗ. ಆದರೂ ಮಾತ್ರೆ ಅಂದ ಕೂಡಲೇ ಅಪ್ಪಯ್ಯನ ಮುಖ ಸಣ್ಣದಾಯಿತು. "ನಿದ್ದೆ ಮಾತ್ರೆಯಾ? ಅಭ್ಯಾಸ ಆಗೋದಿಲ್ವಾ?" ಮನೋವೈದ್ಯರು ಬರೆದಿದ್ದು ಫ್ಲುಒಕ್ಸೆಟಿನ್. ನಿದ್ದೆ ಮಾತ್ರೆಯ ಜಾತಿಯಲ್ಲ, ಅದರ ಹಾಗೆ ಚಟ ಹಿಡಿಸುವುದಿಲ್ಲ. ಮಿದುಳಿನ ಸೆರೊಟೊನಿನ್ ಮೇಲೆ ಕೆಲಸ ಮಾಡುವ ಈ ಗುಂಪಿನಲ್ಲಿ ಎಸ್ಸಿಟಲೊಪ್ರಾಮ್, ಸರ್ಟ್ರಲಿನ್ ಕೂಡ ಇವೆ.

ರೂಪದ ಗೀಳಿಗೆ ಈ ಮಾತ್ರೆಗಳು ಖಿನ್ನತೆಗೆ ಕೊಡುವುದಕ್ಕಿಂತ ಜಾಸ್ತಿ ಪ್ರಮಾಣದಲ್ಲಿ, ಜಾಸ್ತಿ ದಿನ ಬೇಕಾಗುತ್ತವೆ. 12ರಿಂದ 16 ವಾರ ಕಾದು ನೋಡದೆ "ಇದು ಹಿಡಿಯಲಿಲ್ಲ" ಅನ್ನುವ ಹಾಗಿಲ್ಲ. ಮಾಣಿಗೆ 20 ಮಿಲಿಗ್ರಾಂನಿಂದ ಶುರುಮಾಡಿ ನಿಧಾನಕ್ಕೆ 60ಕ್ಕೆ ಏರಿಸಿದರು. 25ರ ಒಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಆ ದಿನಗಳಲ್ಲಿ ವಾರಕ್ಕೊಮ್ಮೆ ನೋಡಿದರು. ಹತ್ತು ದಿನ ಹೊಟ್ಟೆ ತೊಳೆಸಿತು, ನಿದ್ದೆ ಕೆಟ್ಟಿತು. ತಿಂಡಿ ತಿಂದು ಬೆಳಿಗ್ಗೆ ತೆಗೆದುಕೊಂಡ ಮೇಲೆ ಸರಿಹೋಯಿತು. ಲೈಂಗಿಕ ಆಸಕ್ತಿ ಕುಗ್ಗಬಹುದು ಅನ್ನುವುದನ್ನೂ ವೈದ್ಯರು ಮೊದಲೇ ಹೇಳಿದ್ದರು. ಇದನ್ನು ಮುಚ್ಚಿಟ್ಟರೆ ಹುಡುಗರು ನಾಚಿಕೆಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಎಷ್ಟು ಸಲ ನೋಡಿಲ್ಲ ನಾನು.

"ಮೂಗು ಸೊಟ್ಟ ಇರುವುದು ನಿಜ" ಅಂತ ನೂರಕ್ಕೆ ನೂರು ನಂಬಿದವರಿಗೂ ಇದೇ ಮಾತ್ರೆ ಕೆಲಸ ಮಾಡುತ್ತದೆ. ಭ್ರಮೆಗೆ ಕೊಡುವ ಔಷಧಿ ಒಂದನ್ನೇ ಕೊಟ್ಟರೆ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ಸುಧಾರಿಸಿದ ಮೇಲೂ ಒಂದು ವರ್ಷವಾದರೂ ಮುಂದುವರಿಸಬೇಕು. ದುಡ್ಡಿನ ತಾಪತ್ರಯ ಇದ್ದವರಿಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ.

ಕನ್ನಡಿ

ಒಂಬತ್ತನೇ ವಾರಕ್ಕೆ ಮಾಣಿ ಹೇಳಿದ: "ಯೋಚನೆ ಬರ್ತದೆ, ಆದರೆ ಹಿಡ್ಕೊಳ್ಳೋದಿಲ್ಲ." ಮಾತಿನ ಚಿಕಿತ್ಸೆ ಚುರುಕಾಗಿದ್ದು ಆಮೇಲೆ. ಅರಿವಿನ ವರ್ತನಾ ಚಿಕಿತ್ಸೆ ಅಂತ ದೊಡ್ಡ ಹೆಸರು, ಎಲ್ಲರೂ ಸಿಬಿಟಿ ಅನ್ನುತ್ತಾರೆ. ನಾನು ಅವನಿಗೆ ವಿವರಿಸಿದ್ದು ಇಂಬಳದ ಲೆಕ್ಕದಲ್ಲಿ. ಇಂಬಳ ಕಚ್ಚಿದ ಜಾಗ ತುರಿಸುತ್ತದೆ. ಕೆರೆದರೆ ಒಂದು ಗಳಿಗೆ ಸುಖ. ಆಮೇಲೆ ಮೊದಲಿಗಿಂತ ಜಾಸ್ತಿ ತುರಿಕೆ. ಕೆರೆದು ಕೆರೆದು ಹುಣ್ಣು. ಕನ್ನಡಿ ನೋಡುವುದು, ಅಳೆಯುವುದು, ಮಾಸ್ಕ್ ಹಾಕುವುದು, "ಸರಿ ಇದೆಯಾ" ಅಂತ ಕೇಳುವುದು, ಎಲ್ಲ ಕೆರೆತವೇ. ಕೆರೆಯದೆ ಕೂತರೆ ತುರಿಕೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮಲೆನಾಡಿನ ಹುಡುಗನಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಲಿಲ್ಲ.

ಹಾಗಂತ ಕನ್ನಡಿಗೆ ಬಟ್ಟೆ ಮುಚ್ಚುವುದೂ ಪರಿಹಾರ ಅಲ್ಲ. ಆಯಿ, ಅಂದರೆ ಅವನ ಅಮ್ಮ, ಒಮ್ಮೆ ಹಾಗೆ ಮಾಡಿದ್ದರು, ಅವನು ಲೋಟ ಹಿಡಿದಿದ್ದ. ಕನ್ನಡಿ ನೋಡುವುದನ್ನು ಹೊಸದಾಗಿ ಕಲಿಯಬೇಕು. ಜಗುಲಿಯ ಗೋಡೆಯಲ್ಲಿ ಮರದ ಚೌಕಟ್ಟಿನ ಹಳೆ ಕನ್ನಡಿ ಇತ್ತು. ದಿನಕ್ಕೆ ಒಂದೇ ಸಲ, ಐದು ನಿಮಿಷ, ಕೈ ಚಾಚಿದಷ್ಟು ದೂರ ನಿಂತು ತಲೆಯಿಂದ ಕಾಲಿನವರೆಗೆ ಕಂಡಿದ್ದನ್ನು ಬಾಯಲ್ಲಿ ಹೇಳಬೇಕು. ಕಣ್ಣು ಕಾಣದವರಿಗೆ ವಿವರಿಸುವ ಹಾಗೆ. ಬಣ್ಣ, ಆಕಾರ, ಎಲ್ಲಿದೆ, ಅಷ್ಟೇ. ಚಂದ, ಅಸಹ್ಯ, ಸೊಟ್ಟ ಅನ್ನುವ ಮಾತು ಬರಬಾರದು.

ಮೊದಲ ಸಲ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕಳಿಸಿದ. "ಕೂದಲು ಕಪ್ಪು. ಹಣೆ ಅಗಲ. ಮೂಗು ಸೊಟ್ಟ, ಎಡಕ್ಕೆ ವಾಲಿದೆ, ತುದಿ ದಪ್ಪ, ಹೊಳ್ಳೆ…" ಹಣೆಗೆ ಎರಡು ಸೆಕೆಂಡು, ಮೂಗಿಗೆ ನಾಲ್ಕು ನಿಮಿಷ, ಗಲ್ಲದಿಂದ ಕೆಳಗೆ ಮನುಷ್ಯನೇ ಇಲ್ಲ. ಹದಿನೈದು ದಿನ ಕಳೆಯಿತು. "ಹುಬ್ಬು ದಟ್ಟ. ಮೂಗು ಉದ್ದ, ಬಣ್ಣ ಕೆನ್ನೆಯದ್ದೇ. ತುಟಿ. ಬಲಗಿವಿ ಕೆಳಗೆ ಒಂದು ಮಚ್ಚೆ…" ಅಲ್ಲಿ ಧ್ವನಿ ನಿಂತಿತು. ಆಮೇಲೆ ಸಣ್ಣಗೆ: "ಮೇಡಂ, ಇಲ್ಲೊಂದು ಮಚ್ಚೆ ಇದೆ. ನಂಗೆ ಗೊತ್ತೇ ಇರಲಿಲ್ಲ." ಹತ್ತು ವರ್ಷ ಅದೇ ಮುಖವನ್ನು ನೋಡಿ, ಮಿಲಿಮೀಟರಿನಲ್ಲಿ ಅಳೆದವನು!

ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಮಳೆ ಜೋರಿದ್ದ ವಾರ ವಿಡಿಯೋ ಕರೆಯಲ್ಲೇ ಮಾತು. ಅದಕ್ಕೆ ಒಂದು ಷರತ್ತು ಹಾಕಿದ್ದೆ. ಅವನ ಪರದೆಯಲ್ಲಿ ಅವನ ಮುಖ ಕಾಣುವ ಚೌಕ ಮುಚ್ಚಿರಬೇಕು. ಎರಡು ಸಲ ತೆರೆದಿಟ್ಟುಕೊಂಡಿದ್ದ. ಮಾತಾಡುವಾಗ ಕಣ್ಣು ಮೂಲೆಗೆ ಹೋಗುತ್ತಿದ್ದುದರಿಂದ ನನಗೆ ಗೊತ್ತಾಗುತ್ತಿತ್ತು.

ಆಯಿಯ ಪಾಲು

ಈ ಪ್ರಕರಣದಲ್ಲಿ ಜಾಸ್ತಿ ಕಷ್ಟಪಟ್ಟಿದ್ದು ಮಾಣಿಯೋ ಅವನ ಆಯಿಯೋ ಹೇಳುವುದು ಕಷ್ಟ. "ಆಯಿ, ಇವತ್ತು ಸೊಟ್ಟ ಕಾಣ್ತಾ?" ಅಂತ ಕೇಳುತ್ತಿದ್ದ. "ಎಂತೂ ಇಲ್ಲೆ ಮಾರಾಯ, ಸರಿ ಇದ್ದು" ಅನ್ನುತ್ತಿದ್ದರು. ಒಂದು ದಿನ ಎಣಿಸಿ ಅಂದೆ. ಹುಣಸೆ ಬೀಜ ಡಬ್ಬಿಗೆ ಹಾಕುತ್ತಾ ಎಣಿಸಿದರು. 43 ಬೀಜ. ಒಲೆ ಮುಂದೆ, ಕೊಟ್ಟಿಗೆಯಲ್ಲಿ, ದೇವರ ಮನೆ ಬಾಗಿಲಲ್ಲಿ.

ಉತ್ತರ ಕೊಡಬೇಡಿ ಅಂದಾಗ ಅವರ ಕಣ್ಣಲ್ಲಿ ನೀರು. "ಮಗ ಕೇಳಿದ್ರೆ ಸುಮ್ನೆ ಇರೋದು ಹ್ಯಾಗೆ? ಕಲ್ಲಾ ನಾನು?" ನಿಜವೇ. ಯಾವ ತಾಯಿಗೂ ಇದು ಸಹಜ ಅಲ್ಲ. ಆದರೆ ಒಂದೊಂದು "ಸರಿ ಇದ್ದು" ಕೂಡ ಒಂದು ಕೆರೆತ. ಮೂರೂ ಜನ ಕೂತು ಒಪ್ಪಂದ ಮಾಡಿಕೊಂಡೆವು. ಅವನು ಕೇಳಿದರೆ ಆಯಿ ಹೇಳಬೇಕಾದ್ದು ಒಂದೇ ಮಾತು: "ಗೀಳಿನ ಮಾತು ಬಿಡು." ಆಮೇಲೆ ಬೇರೆ ಏನಾದರೂ ಮಾತು. ಮಾತು ಆರಿಸಿದ್ದು ಮಾಣಿಯೇ. ಅವನ ಒಪ್ಪಿಗೆ ಇಲ್ಲದೆ ಮಾಡಿದರೆ ಇದು ಬರೀ ನಿರ್ದಯ ಆಗುತ್ತದೆ.

ಮೊದಲ ವಾರ ಮನೆ ರಣರಂಗ. ತಟ್ಟೆ ಎತ್ತಿ ಹಾಕಿದ. ಎರಡನೇ ವಾರ ದಿನಕ್ಕೆ 20 ಬೀಜ. ಆರನೇ ವಾರ 6. ಇನ್ನೊಂದು ಒಪ್ಪಂದ ಕಾಗದದಲ್ಲಿ ಬರೆದು ಸಹಿ ಹಾಕಿದ್ದೆವು: ಒಂದು ವರ್ಷ ಯಾವ ಸರ್ಜನ್ನರ ಹತ್ತಿರವೂ ಹೋಗುವುದಿಲ್ಲ.

ಸುಲಿಯುವ ಚಪ್ಪರ

ನವೆಂಬರಿನಲ್ಲಿ ಕೊನೆಕೊಯ್ಲು ಶುರುವಾಯಿತು. ರಾತ್ರಿ ಅಂಗಳದ ಚಪ್ಪರದಲ್ಲಿ ದೊಡ್ಡ ಬಲ್ಬು ಹಾಕಿ ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಮಾತು, ನಗು, ಯಾರ ಮನೆಯಲ್ಲಿ ಏನಾಯಿತು ಅನ್ನುವ ಸುದ್ದಿ. ಮಾಣಿ ಎರಡು ವರ್ಷದಿಂದ ಆ ಚಪ್ಪರಕ್ಕೆ ಕಾಲಿಟ್ಟಿರಲಿಲ್ಲ. ನನಗೆ ಇದಕ್ಕಿಂತ ಒಳ್ಳೆ ಜಾಗ ಬೇಕಿರಲಿಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ಮಾಸ್ಕ್ ಹಾಕಿಕೊಂಡು ಚಹಾ ಕೊಟ್ಟು ಬರುವುದು. ಆಮೇಲೆ ಮಾಸ್ಕ್ ಗಲ್ಲಕ್ಕೆ ಇಳಿಸಿ. ಆಮೇಲೆ ಮಾಸ್ಕ್ ಇಲ್ಲದೆ, ಬಲ್ಬಿನ ಕೆಳಗೇ, ಒಂದು ಗಂಟೆ. ಹೋಗುವ ಮುಂಚೆ ಏನಾಗಬಹುದು ಅಂತ ಬರೆಯಬೇಕು, ಬಂದ ಮೇಲೆ ಏನಾಯಿತು ಅಂತ ಬರೆಯಬೇಕು. ಅವನ ಭವಿಷ್ಯ: "ಹತ್ತರಲ್ಲಿ ಏಳು ಜನ ಮೂಗನ್ನೇ ನೋಡ್ತಾರೆ. ಒಬ್ಬರಾದರೂ ನಗ್ತಾರೆ."

ಆದದ್ದು: ಎಲ್ಲರ ಕಣ್ಣು ಕತ್ತಿಯ ಮೇಲೆ. ಕತ್ತಿ ಮುಂದೆ ಕೂತವರು ಮುಖ ನೋಡುತ್ತಾ ಕೂತರೆ ಬೆರಳು ಹೋಗುತ್ತದೆ. ಒಬ್ಬ ಅಜ್ಜಿ ಮಾತ್ರ ತಲೆಯೆತ್ತಿ "ಏನ್ ಸಣ್ ಭಟ್ರೇ, ಸೊರಗಿ ಹೋಗೀರಲ್ಲ, ಊಟ ಮಾಡಾದಿಲ್ಲೇನು?" ಅಂದರು. ಅವನು ಬರೆದಿದ್ದ: "ಮೂಗು ನೋಡಿದವರು: ಸೊನ್ನೆ. ಹೊಟ್ಟೆ ನೋಡಿದವರು: ಒಬ್ಬರು."

ಒಂದೇ ರಾತ್ರಿಗೆ ಎಲ್ಲ ಬದಲಾಗಲಿಲ್ಲ. ಮಾರನೇ ದಿನ "ಅವರು ಪಾಪ ಅಂತ ನೋಡಿಲ್ಲ" ಅಂದ. ಈ ಗೀಳಿಗೆ ವಕೀಲಿಕೆ ಚೆನ್ನಾಗಿ ಗೊತ್ತು, ಸೋತ ಮೊಕದ್ದಮೆಗೂ ಅಪೀಲು ಹಾಕುತ್ತದೆ. ನಾನು ವಾದಕ್ಕೆ ಇಳಿಯಲಿಲ್ಲ. ಮತ್ತೆ ಚಪ್ಪರಕ್ಕೆ ಹೋಗು ಅಂದೆ. ಹದಿನೆಂಟು ರಾತ್ರಿ ಕೂತ.

ಡಿಸೆಂಬರಿನಲ್ಲಿ ಮನೋವೈದ್ಯರೂ ನಾನೂ ಸೇರಿ ಅಳೆದೆವು, ಡಿವೈಡರ್ ಇಲ್ಲದೆ. ಈ ಕಾಯಿಲೆಯ ತೀವ್ರತೆ ಅಳೆಯಲು 12 ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು 48 ಅಂಕ. ಮೊದಲು 35 ಇತ್ತು, ಈಗ 24. ಶೇಕಡಾ 30 ಇಳಿದರೆ ಚಿಕಿತ್ಸೆ ಹಿಡಿದಿದೆ ಅಂತ ಲೆಕ್ಕ. ಸ್ವಲ್ಪದರಲ್ಲಿ ದಾಟಿದ.

ಏಪ್ರಿಲ್

2024ರ ಏಪ್ರಿಲಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮಾಸ್ಕ್ ಇಲ್ಲದೆ ಹೋದ, ಪಂಕ್ತಿಯಲ್ಲಿ ಬಡಿಸಿದ. ಎಲ್ಲ ಚೆನ್ನಾಗಿತ್ತು. ಮೂರನೇ ದಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂದವು. ಪಾಯಸದ ಬಕೆಟ್ ಹಿಡಿದು ಬಗ್ಗಿದ್ದ ಒಂದು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಬೆಳಗಿನ ಜಾವದವರೆಗೆ ನೋಡಿದ. ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಅವಳಿಗೆ ಸಿಕ್ಕಂಥ ಸಂಬಂಧ ನನಗೆ ಯಾರು ಕೊಡುತ್ತಾರೆ, ಈ ಮೂಗಿಗೆ, ಅಂತ.

ತೋಟ ನೋಡಿಕೊಂಡಿರುವ ಹುಡುಗರಿಗೆ ನಮ್ಮ ಕಡೆ ಹೆಣ್ಣು ಸಿಗುವುದು ಕಷ್ಟ ಅನ್ನುವುದು ಊರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕೆ ಕಾರಣ ಹತ್ತಿವೆ, ಆ ಹತ್ತರಲ್ಲಿ ಮೂಗು ಇಲ್ಲ. ಬಾಯಿಗೆ ಬಂದಿತ್ತು, ಹೇಳಲಿಲ್ಲ. ಹಿಂದೆ ಹೇಳಿ ಕೆಟ್ಟಿದ್ದೇನಲ್ಲ. "ಎಷ್ಟು ಗಂಟೆ ಹೋಯ್ತು?" ಅಂತ ಮಾತ್ರ ಕೇಳಿದೆ. "ಸುಮಾರು ಮೂವತ್ತು." "ಹೋದ ವರ್ಷ ಇಂಥದ್ದೇ ಆಗಿದ್ರೆ?" ಲೆಕ್ಕ ಹಾಕಿದ. "ಎರಡು ತಿಂಗಳು." ಆ ಫೋಟೋ ಅಳಿಸಿ ಅಂತ ನಾನು ಹೇಳಲಿಲ್ಲ. ದಿನಕ್ಕೆ ಒಮ್ಮೆ, ಹಿಗ್ಗಿಸದೆ, ಇಡೀ ಫೋಟೋ ನೋಡಿ ಅದರಲ್ಲಿ ಇನ್ನೇನೇನು ಇದೆ ಬರೆಯುವುದು ಕೆಲಸ. ನಾಲ್ಕನೇ ದಿನದ ಪಟ್ಟಿಯಲ್ಲಿ ಹಿಂದಿನ ಸಾಲಿನ ಭಾವ ಎರಡು ಹೋಳಿಗೆ ಜೇಬಿಗೆ ಇಳಿಸುತ್ತಿರುವುದು ಇತ್ತು.

ಮೇ ಕೊನೆಯಲ್ಲಿ ಅಂಕ 15. ಮೂಗು ಎಡಕ್ಕೆ ವಾಲಿದೆ ಅಂತ ಮಾಣಿ ಈಗಲೂ ಹೇಳುತ್ತಾನೆ. ಮಾತ್ರೆ ಅದೇ 60 ಮಿಲಿಗ್ರಾಂ ನಡೆಯುತ್ತಿದೆ. ನನ್ನ ಹತ್ತಿರ ತಿಂಗಳಿಗೊಮ್ಮೆ ಬರುತ್ತಾನೆ, ಬಸ್ಸಿನಲ್ಲಿ ಸಿಕ್ಕಿದ ಸೀಟಿನಲ್ಲಿ. ಬಾಕಿ ಉಳಿದ ಪ್ರಾಜೆಕ್ಟ್ ಒಪ್ಪಿಸಲು ಕಾಲೇಜಿಗೆ ಅರ್ಜಿ ಹಾಕಿದ್ದಾನೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು. ಹಾಳು ಮಾಡುವುದು ಯಾಕೆ ಅಂತ ಅದರಲ್ಲಿ ತೋಟದ ಕೂಲಿ ಲೆಕ್ಕ ಬರೆಯುತ್ತಿದ್ದಾನೆ.

ಹೋದ ವಾರ ಆಯಿ ಫೋನ್ ಮಾಡಿದ್ದರು. "ಈ ವಾರ ಒಂದೇ ಸಲ ಕೇಳಿದ ಮೇಡಂ. ನಾನು ಹಲಸಿನ ಹಪ್ಪಳ ಒತ್ತುತ್ತಾ ಇದ್ದೆ. ಗೀಳಿನ ಮಾತು ಬಿಡು ಅನ್ನೋದೂ ಮರೆತು ಹೋಯ್ತು. ಹಪ್ಪಳ ಬಿಸಿಲಿಗೆ ಹಾಕಿ ಬಾ ಅಂದೆ. ತಟ್ಟೆ ತಗೊಂಡು ಹೋದ."